ಉಜ್ಜಿ ಕಳಿಸಿದ ಅಚ್ಚುಗಳು

ಜನವರಿ 6

ಅಣ್ಣ,

ಅತ್ತಿಗೆಯ ಕಾರ್ಡು ಬಂತು, ನೀವೆಲ್ಲ ಚೆನ್ನಾಗಿದ್ದೀರಿ ಎಂದು ತಿಳಿಯಿತು. ನಾನೂ ಚೆನ್ನಾಗಿದ್ದೇನೆ. ಇನ್ನು ಮುಂದಿನದನ್ನು ಕೂತುಕೊಂಡು ಓದು.

ಬ್ಯಾಗಿನ ಕಾರ್ಖಾನೆಯ ಕೆಲಸ ಬಿಟ್ಟೆ. ಅವರು ತೆಗೆಯಲಿಲ್ಲ, ನಾನೇ ಬಿಟ್ಟೆ. ಹದಿನಾಲ್ಕು ವರ್ಷ ಅಲ್ಲಿ ಹಿಡಿಕೆ ಹೊಲಿದಿದ್ದೇನೆ. ಇಷ್ಟು ವರ್ಷದಲ್ಲಿ ಒಂದೇ ಒಂದು ಇಡೀ ಬ್ಯಾಗನ್ನು ನಾನು ಹೊಲಿದಿಲ್ಲ ಎಂಬುದು ಒಂದು ದಿನ ಊಟ ಮಾಡುವಾಗ ಹೊಳೆಯಿತು. ಆಮೇಲೆ ಆ ಹಿಡಿಕೆಗಳನ್ನು ಕಂಡರೇ ಆಗುತ್ತಿರಲಿಲ್ಲ. ಮೇಲ್ವಿಚಾರಕಿ ಒಳ್ಳೆಯವಳು. ಜೂನ್ ಮುಗಿಯುವ ತನಕ ನಿನ್ನ ಕುರ್ಚಿ ಖಾಲಿ ಇಟ್ಟಿರುತ್ತೇನೆ, ಹುಚ್ಚು ಬಿಟ್ಟ ಮೇಲೆ ಬಾ ಎಂದಳು.

ಹುಚ್ಚು ಏನೆಂದರೆ, ಶೂ ಅಂಗಡಿ ಹಾಕುತ್ತಿದ್ದೇನೆ. ಬರೀ ರಿಪೇರಿಯಲ್ಲ. ಅಪ್ಪ ಮಾಡಿಕೊಡುತ್ತಿದ್ದ ಹಾಗೆ, ಒಬ್ಬೊಬ್ಬರ ಕಾಲಿಗೆ ತಕ್ಕಂತೆ ಹೊಸದಾಗಿ ಮಾಡಿಕೊಡುವ ಅಂಗಡಿ. ಮೇಲ್ಭಾಗದ ಹೊಲಿಗೆ ನನಗೆ ಹನ್ನೆರಡನೇ ವಯಸ್ಸಿನಿಂದ ಬರುತ್ತದೆ, ಅಪ್ಪನಿಗೆ ಮನೆಯಲ್ಲಿ ಕೂತು ಹೊಲಿದುಕೊಡುತ್ತಿದ್ದವಳು ನಾನೇ ತಾನೆ. ಅಟ್ಟೆ ಕೂರಿಸುವುದನ್ನು ಎರಡು ವರ್ಷದಿಂದ ಭಾನುವಾರಗಳಂದು ಒಬ್ಬ ರಿಪೇರಿಯವರ ಹತ್ತಿರ ಕಲಿಯುತ್ತಿದ್ದೆ. ನಿನಗೆ ಹೇಳಿರಲಿಲ್ಲ. ಹೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ, ನಾನು ಆಗಲಿ ಎನ್ನುತ್ತಿದ್ದೆ, ಆಮೇಲೆ ಕದ್ದು ಕಲಿಯಬೇಕಾಗುತ್ತಿತ್ತು.

ಕೋಣೆ ಸಿಕ್ಕಿದೆ. ಒಂದು ಪಕ್ಕ ಫೋಟೋಗಳಿಗೆ ಕಟ್ಟು ಹಾಕುವವನ ಅಂಗಡಿ, ಇನ್ನೊಂದು ಪಕ್ಕ ಕ್ಷೌರದಂಗಡಿ. ಎಂಟು ಹೆಜ್ಜೆ ಉದ್ದ, ಐದು ಹೆಜ್ಜೆ ಅಗಲ. ಹಿಂದೆ ಇದ್ದವರು ಬಣ್ಣದ ಡಬ್ಬಿ ಮಾರುತ್ತಿದ್ದರಂತೆ, ನೆಲದ ತುಂಬ ಡಬ್ಬಿಗಳ ದುಂಡನೆ ಕಲೆ. ಶಟರ್ ಅರ್ಧಕ್ಕೆ ನಿಂತುಬಿಡುತ್ತದೆ, ಒಂದು ಒದೆ ಬಿದ್ದರೆ ಮೇಲೆ ಹೋಗುತ್ತದೆ. ಒಡತಿ ನಿವೃತ್ತ ಟೀಚರು. ಕರಾರು ಜೂನ್ ಮೂವತ್ತರ ತನಕ. ಮುಂದುವರಿಸುತ್ತೀಯೋ ಬಿಡುತ್ತೀಯೋ ಎಂಬುದನ್ನು ಜೂನ್ ಹದಿನೈದರೊಳಗೆ ಹೇಳಿಬಿಡಬೇಕು, ಕೊನೇ ಗಳಿಗೆಯಲ್ಲಿ ಕಣ್ಣೀರು ಹಾಕಬಾರದು ಎಂದು ಮೊದಲೇ ತಾಕೀತು ಮಾಡಿದ್ದಾರೆ.

ಈಗ ನಿನ್ನಿಂದ ಒಂದು ಸಹಾಯ. ಅಪ್ಪ ಹೋದಾಗ ಹೊಲಿಗೆ ಯಂತ್ರ ನನಗೆ ಬಂತು, ಅಚ್ಚುಗಳ ಪೆಟ್ಟಿಗೆ ಗಂಡುಮಗ ಎಂದು ನಿನ್ನ ಮನೆಗೆ ಹೋಯಿತು. ಅದನ್ನು ಕಳಿಸು. ಅಪ್ಪನ ಗಿರಾಕಿಗಳು ಅನೇಕರು ಇನ್ನೂ ಇದೇ ಊರಿನಲ್ಲಿ ಓಡಾಡುತ್ತಿದ್ದಾರೆ. ಒಬ್ಬೊಬ್ಬರಿಗೂ ಅಪ್ಪ ಮಾಡಿಟ್ಟ ಮರದ ಕಾಲು ಆ ಪೆಟ್ಟಿಗೆಯಲ್ಲಿದೆ. ಅವರ ಅಚ್ಚಿನ ಮೇಲೆಯೇ ಚರ್ಮ ಎಳೆದು ಶೂ ಕಟ್ಟಿದರೆ ಯಾರು ತಾನೆ ಬೇಡ ಎನ್ನುತ್ತಾರೆ.

ನಿನ್ನ ತಂಗಿ

* * *

ಫೆಬ್ರವರಿ 4

ಹಟಮಾರಿ ತಂಗಿಗೆ,

ನಿನ್ನ ಪತ್ರ ಓದಿ ನಿನ್ನ ಅತ್ತಿಗೆ ನಕ್ಕಳು. ನಾನು ನಗಲಿಲ್ಲ. ನಮ್ಮ ಕಾರ್ಖಾನೆಯಲ್ಲಿ ದಿನಕ್ಕೆ ಸಾವಿರದ ಇನ್ನೂರು ಜೊತೆ ಶೂ ಹೊರಗೆ ಹೋಗುತ್ತದೆ. ನೀನು ವಾರಕ್ಕೆ ಒಂದು ಜೊತೆ ಮಾಡುತ್ತೀಯೆ. ಅಂಗಡಿಗೆ ಹೋದರೆ ಐದು ನಿಮಿಷದಲ್ಲಿ ಶೂ ಸಿಗುವಾಗ ನಿನ್ನ ಬಾಗಿಲಲ್ಲಿ ಮೂರು ವಾರ ಕಾಯುವವರು ಯಾರು? ಕೆಲಸ ಬಿಡುವ ಮುಂಚೆ ಒಂದು ಮಾತು ಕೇಳಬಹುದಿತ್ತು. ಹದಿನಾರನೇ ವಯಸ್ಸಿನಿಂದ ಈ ಕಾರ್ಖಾನೆಯಲ್ಲಿದ್ದೇನೆ, ಶೂ ವಿಷಯದಲ್ಲಿ ನನಗೂ ನಾಲ್ಕು ಅಕ್ಷರ ಗೊತ್ತು.

ಬೈದದ್ದಾಯಿತು. ಪೆಟ್ಟಿಗೆ ಲಾರಿಗೆ ಹಾಕಿಸಿದ್ದೇನೆ, ಹತ್ತು ದಿನದಲ್ಲಿ ಬರಬಹುದು. ಒಟ್ಟು ನಲವತ್ತಮೂರು ಜೊತೆ. ಆರು ವರ್ಷ ಅಟ್ಟದ ಮೇಲಿದ್ದ ಪೆಟ್ಟಿಗೆ, ತೆರೆದಾಗ ಅವುಗಳ ಗತಿ ನೋಡಬೇಕಿತ್ತು. ಹಾಗೆಯೇ ಕಳಿಸಲು ಮನಸ್ಸು ಬರಲಿಲ್ಲ. ಮೂರು ಭಾನುವಾರ ಅರ, ಉಪ್ಪುಕಾಗದ ಹಿಡಿದು ಕೂತು ಒಂದೊಂದನ್ನೂ ಶುಚಿ ಮಾಡಿ, ಎಣ್ಣೆ ಹಚ್ಚಿ, ಒರೆಸಿ ಇಟ್ಟಿದ್ದೇನೆ. ನನ್ನ ಬೆರಳಿನ ಚರ್ಮ ಸುಲಿಯಿತು. ಹೇಗೆ ಮಾಡಿದ್ದೇನೆ ಎಂದು ಬಾಯಲ್ಲಿ ಹೇಳುವುದಿಲ್ಲ, ತೆರೆದು ನೀನೇ ನೋಡು. ಅಪ್ಪ ಕಟ್ಟಿದ್ದ ಹೆಸರಿನ ಚೀಟಿಗಳನ್ನು ಮಾತ್ರ ಹಾಗೆಯೇ ಬಿಟ್ಟಿದ್ದೇನೆ.

ಇನ್ನೊಂದು ಸುದ್ದಿ. ನನ್ನನ್ನು ಅಚ್ಚಿನ ವಿಭಾಗಕ್ಕೆ ಮುಖ್ಯಸ್ಥನನ್ನಾಗಿ ಮಾಡಿದ್ದಾರೆ. ಇನ್ನು ಮೇಲೆ ನಾನು ಕೈಯಾಡಿಸಿ ಸರಿ ಎಂದರೆ ಮಾತ್ರ ಅಚ್ಚು ಒಳಗೆ ಹೋಗುತ್ತದೆ. ಕೂದಲೆಳೆಯಷ್ಟು ಉಬ್ಬಿದ್ದರೂ ತಳ್ಳಿಬಿಡುತ್ತೇನೆ. ಅಪ್ಪ ಇದ್ದಿದ್ದರೆ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು.

ಏನೇ ತೊಂದರೆ ಬಂದರೂ ಬರೆ.

ನಿನ್ನ ಅಣ್ಣ

* * *

ಫೆಬ್ರವರಿ 28

ಅಣ್ಣ,

ಪೆಟ್ಟಿಗೆ ಬಂತು. ಕಟ್ಟಿನವನೂ ಕ್ಷೌರದವರೂ ಅಂಗಡಿ ಬಿಟ್ಟು ನೋಡಲು ಬಂದರು. ಹೊಸ ಅಚ್ಚುಗಳಿಗೂ ಈ ಹೊಳಪು ಇರುವುದಿಲ್ಲ. ಗೋಡೆಗೆ ಮೂರು ಹಲಗೆ ಹೊಡೆಸಿ ಸಾಲಾಗಿ ಜೋಡಿಸಿದ್ದೇನೆ. ದಾರಿಯಲ್ಲಿ ಹೋಗುವವರು ಅದನ್ನು ನೋಡಿಯೇ ನಿಲ್ಲುತ್ತಾರೆ. ನೀನು ಇಷ್ಟು ಕಷ್ಟಪಟ್ಟೆಯಲ್ಲ ಎಂದು ನನಗೆ ಕಣ್ಣಲ್ಲಿ ನೀರು ಬಂತು. ಬಡ್ತಿಯ ವಿಷಯವನ್ನು ಅಪ್ಪನ ಬದಲು ನಾನೇ ಊರಿಗೆಲ್ಲ ಹೇಳಿದ್ದೇನೆ.

ಪೆಟ್ಟಿಗೆ ಬರುವ ಮುಂಚಿನ ಕಥೆ ಕೇಳು. ಮೊದಲ ಎರಡು ವಾರ ನೊಣ ಹೊಡೆಯುತ್ತ ಕೂತಿದ್ದೆ. ಬಂದವರು ಆರು ಜನ. ಇಬ್ಬರು ಬಸ್ ನಿಲ್ದಾಣ ಎಲ್ಲಿ ಎಂದು ಕೇಳಿದರು, ಒಬ್ಬರು ಚಿಲ್ಲರೆ ಇದೆಯಾ ಎಂದರು, ಇಬ್ಬರು ಚಪ್ಪಲಿಗೆ ಉಂಗುಷ್ಠ ಹಾಕಿಸಿಕೊಂಡರು, ಒಬ್ಬ ಹಳೆಯ ಪೇಂಟ್ ಡಬ್ಬಿ ವಾಪಸು ಮಾಡಲು ಬಂದಿದ್ದ. ಪರವಾನಗಿ ಕಚೇರಿಯ ಅರ್ಜಿಯಲ್ಲಿ ‘ಮಾರಾಟ’ ಇದೆ, ‘ದುರಸ್ತಿ’ ಇದೆ, ‘ಕಾರ್ಖಾನೆ’ ಇದೆ. ಒಬ್ಬಳೇ ಕೂತು ಮಾಡಿ ಮಾರುವುದಕ್ಕೆ ಜಾಗವೇ ಇಲ್ಲ. ಗುಮಾಸ್ತ ಬಹಳ ಹೊತ್ತು ತಲೆ ಕೆರೆದುಕೊಂಡು ನನ್ನನ್ನು ಕಾರ್ಖಾನೆ ಮಾಡಿದ. ಕಾರ್ಮಿಕರ ಸಂಖ್ಯೆ ಒಂದು.

ಕೆಲಸವಿಲ್ಲದಿದ್ದರೂ ಕೈ ಕಟ್ಟಿ ಕೂರಬೇಡ ಎಂದು ಕ್ಷೌರದವರು ಹೇಳಿಕೊಟ್ಟರು. ಸುಮ್ಮನೆ ಕೂತ ಅಂಗಡಿಗೆ ಯಾರೂ ಹತ್ತುವುದಿಲ್ಲವಂತೆ. ನನ್ನದೇ ಹಳೆಯ ಶೂ ಬಿಚ್ಚಿ ಹೊಲಿಯುವುದು, ಮತ್ತೆ ಬಿಚ್ಚುವುದು, ಹೀಗೆ ನಾಲ್ಕು ಸಲ ಮಾಡಿದೆ. ಐದನೆಯ ಸಲಕ್ಕೆ ಪೆಟ್ಟಿಗೆ ಬಂತು.

ಅಪ್ಪನ ಗಿರಾಕಿಗಳು ಒಬ್ಬೊಬ್ಬರೇ ಬರುತ್ತಿದ್ದಾರೆ. ಮೊದಲು ಬಂದವರು ಆಸ್ಪತ್ರೆಯ ಹಿರಿಯ ದಾದಿ. ಆಮೇಲೆ ಬಸ್ ಕಂಡಕ್ಟರು, ಆಮೇಲೆ ಗಡಿಯಾರ ರಿಪೇರಿಯವರು. ಮೂವರ ಅಚ್ಚೂ ಹಲಗೆಯ ಮೇಲಿದೆ, ಚೀಟಿಯಲ್ಲಿ ಅಪ್ಪನ ಅಕ್ಷರ: ‘ದಾದಿ’, ‘ಕಂಡಕ್ಟರ್’, ‘ಗಡಿಯಾರ’. ದಾದಿ ಕಾಲು ಮುಂದೆ ಮಾಡಿ ಕೂತರು. ಅಳತೆ ಯಾಕೆ, ನಿಮ್ಮ ಕಾಲು ನನ್ನ ಗೋಡೆಯ ಮೇಲೇ ಇದೆ ಎಂದೆ. ಅವರಿಗೆ ಬಹಳ ಖುಷಿಯಾಯಿತು. ಅಪ್ಪ ಕೆಲಸ ನಿಲ್ಲಿಸಿದಂದಿನಿಂದ, ಹತ್ತು ವರ್ಷ, ಅಂಗಡಿ ಶೂ ಹಾಕಿಕೊಂಡು ವಾರ್ಡಿನಲ್ಲಿ ನಿಂತು ನಿಂತು ಸಾಕಾಗಿದೆಯಂತೆ. ನಿಮ್ಮಪ್ಪನ ಶೂ ಹಾಕ್ಕೊಂಡ್ರೆ ಕಾಲಿದೆ ಅನ್ನೋದೇ ಮರೆತುಹೋಗ್ತಿತ್ತು ಎಂದರು.

ಮೂರಕ್ಕೂ ಚರ್ಮ ಕತ್ತರಿಸಿದ್ದೇನೆ.

ತಂಗಿ

* * *

ಮಾರ್ಚ್ 24

ಅಣ್ಣ,

ಶೂ ಕಚ್ಚುತ್ತಿವೆ.

ದಾದಿ ಎಂಟೇ ದಿನಕ್ಕೆ ವಾಪಸು ತಂದರು. ಎಡಗಾಲಿನ ಹೆಬ್ಬೆರಳಿನ ಬುಡದಲ್ಲಿ ಗೆಣ್ಣು ಉಬ್ಬಿದೆ, ಸರಿಯಾಗಿ ಅಲ್ಲೇ ಚರ್ಮ ಒತ್ತಿ ಕೆಂಪಗಾಗಿದೆ. ಕಂಡಕ್ಟರಿಗೆ ಬಲಗಾಲಿನ ಕಿರುಬೆರಳಲ್ಲಿ ಆಣಿ, ಅವರಿಗೆ ಅಲ್ಲಿ ಕಚ್ಚುತ್ತಿದೆ. ಅವರ ಬಾಯಿ ನಿನಗೆ ಗೊತ್ತಲ್ಲ. ಅಂಗಡಿಯ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ, “ಅಚ್ಚು ಅಪ್ಪಂದೇ, ಕೈ ಅಪ್ಪಂದಲ್ಲ ಕಣಮ್ಮ” ಎಂದರು. ಗಡಿಯಾರದವರು ಏನೂ ಹೇಳಲಿಲ್ಲ. ಆದರೆ ಮೊನ್ನೆ ರಸ್ತೆಯಲ್ಲಿ ಕಂಡರು, ಕಾಲಲ್ಲಿ ಹಳೆಯ ಶೂ ಇತ್ತು. ನನ್ನನ್ನು ನೋಡಿ ಪಕ್ಕದ ಓಣಿಗೆ ತಿರುಗಿಕೊಂಡರು. ಬೈದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ಎಲ್ಲ ಸರಿಯಾಗಿಯೇ ಮಾಡಿದ್ದೇನೆ ಅಣ್ಣ. ಚರ್ಮ ಒಳ್ಳೆಯದು. ಹೊಲಿಗೆಯಲ್ಲಿ ಒಂದು ಗಂಟು ಹೆಚ್ಚುಕಡಿಮೆ ಇಲ್ಲ. ಅಚ್ಚಿನ ಮೇಲೆ ಎರಡು ವಾರ ಬಿಟ್ಟೇ ತೆಗೆದಿದ್ದೇನೆ. ಅಚ್ಚು ಅದೇ, ಕಾಲು ಅದೇ. ಬೇರೆಯಾಗಿರುವುದು ಒಂದೇ, ಕೈ. ಅಪ್ಪನ ಕೈಗುಣ ಎಂದು ಜನ ಹೇಳುತ್ತಿದ್ದಾಗ ಸುಮ್ಮನೆ ಹೇಳುತ್ತಾರೆ ಎಂದುಕೊಂಡಿದ್ದೆ. ಈಗ ನಂಬಬೇಕಾಗಿದೆ. ಹದಿನಾಲ್ಕು ವರ್ಷ ಹಿಡಿಕೆ ಹೊಲಿದ ಕೈ, ಅದಕ್ಕೆ ಹಿಡಿಕೆಯಷ್ಟೇ ಬರುವುದೇನೋ.

ಸರದಿಯಲ್ಲಿ ಇನ್ನೂ ಐದು ಜನ ಅಪ್ಪನ ಗಿರಾಕಿಗಳಿದ್ದಾರೆ. ಅವರ ಶೂಗಳೂ ಕಚ್ಚಿದರೆ ಊರಿನಲ್ಲಿ ಇನ್ನು ನನ್ನ ಹತ್ತಿರ ಯಾರೂ ಬರುವುದಿಲ್ಲ. ನೀನು ಅಚ್ಚಿನ ಬಗ್ಗೆ ತಿಳಿದವನು. ಎಲ್ಲಿ ತಪ್ಪುತ್ತಿದೆ ಎಂದು ಯೋಚಿಸಿ ಬರೆ.

ತಂಗಿ

* * *

ಏಪ್ರಿಲ್ 2 (ಬರೆದದ್ದು, ಅಂಚೆಗೆ ಹಾಕಲಿಲ್ಲ)

ತಂಗಿ,

ನಿನ್ನ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಕಾರ್ಖಾನೆಗೆ ಹೋದೆ. ಮೊದಲಿಂದಲೂ ನಮ್ಮಲ್ಲಿರುವ ಒಬ್ಬ ಹಳೆಯ ಮೇಸ್ತ್ರಿಗೆ ವಿಷಯ ಹೇಳಿದೆ. ಅವನು ಒಂದೇ ಪ್ರಶ್ನೆ ಕೇಳಿದ: “ಅಚ್ಚಿನ ಮೇಲೆ ಚರ್ಮದ ಚೂರು ಅಂಟಿಸಿದ್ರಾ ನಿಮ್ಮಪ್ಪ?”

ಅಂಟಿಸಿದ್ದರು. ಒಂದೊಂದು ಅಚ್ಚಿನ ಮೇಲೂ ಮೂರು ನಾಲ್ಕು ಚೂರು. ಕೆಲವು ಉಗುರಿನಷ್ಟು, ಕೆಲವು ನಾಣ್ಯದಷ್ಟು ದಪ್ಪ. ಮರ ಸವೆದಿದೆ, ಅಪ್ಪ ಹೊಸ ಅಚ್ಚು ಕೊಳ್ಳಲು ಕೈ ಬಾರದೆ ತೇಪೆ ಹಾಕಿದ್ದಾರೆ ಎಂದುಕೊಂಡೆ. ಮೂರು ಭಾನುವಾರ ಕೂತು ಎಲ್ಲವನ್ನೂ ಕಿತ್ತು, ಅರ ಹಾಕಿ, ಗುರುತು ಸಿಗದ ಹಾಗೆ ನುಣ್ಣಗೆ ಉಜ್ಜಿದೆ. ನನ್ನ ಕೆಲಸವೇ ಅದು. ಉಬ್ಬು ಕಂಡರೆ ಕೈ ತಾನಾಗಿ ಉಜ್ಜಲು ಹೋಗುತ್ತದೆ.

ಅಚ್ಚು ಎಲ್ಲರಿಗೂ ಒಂದೇ, ಆ ಚೂರುಗಳೇ ಗಿರಾಕಿಯ ಕಾಲು ಎಂದು ಮೇಸ್ತ್ರಿ ಹೇಳಿದ. ದಾದಿಯ ಗೆಣ್ಣು ಒಂದು ಚೂರು, ಕಂಡಕ್ಟರ ಆಣಿ ಒಂದು ಚೂರು. ಅಚ್ಚಿಗೆ ಬುದ್ಧಿ ಹೇಳಿ ಬರ್ತೀನಿ ಎಂದು ಅಪ್ಪ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರಲ್ಲ, ಇದನ್ನೇ ಮಾಡುತ್ತಿದ್ದರು. ನಲವತ್ತು ವರ್ಷದ ಕೆಲಸವನ್ನು ನಾನು ಗುಡಿಸಿ ತಿಪ್ಪೆಗೆ ಹಾಕಿದೆ.

ನಿನ್ನ ಕೈಯಲ್ಲಿ ಯಾವ ತಪ್ಪೂ ಇಲ್ಲ. ಇದನ್ನು ಬರೆಯುವುದು ಸುಲಭ. ಆದರೆ ಇದರ ಹಿಂದಿನ ಸಾಲನ್ನೂ ಬರೆಯಬೇಕಲ್ಲ. ಅಚ್ಚಿನ ಮುಖ್ಯಸ್ಥ ಎಂದು ನೀನು ಊರಿಗೆಲ್ಲ ಹೇಳಿದ್ದೀಯೆ

* * *

ಏಪ್ರಿಲ್ 4

ಪ್ರೀತಿಯ ತಂಗಿಗೆ,

ಪತ್ರ ತಲುಪಿತು. ತಲೆ ಕೆಡಿಸಿಕೊಳ್ಳಬೇಡ. ಹೊಸ ಶೂ ಸ್ವಲ್ಪ ಕಚ್ಚುವುದು ಸಹಜ. ಚರ್ಮ ಗಡಸಾಗಿರಬಹುದು, ಬೇರೆ ಕಡೆಯಿಂದ ತರಿಸಿ ನೋಡು. ಕಚ್ಚುವ ಜಾಗವನ್ನು ಒಳಗಿನಿಂದ ಒದ್ದೆ ಮಾಡಿ, ಬಟ್ಟೆ ತುರುಕಿ ಎರಡು ದಿನ ಬಿಡು. ಅಸ್ತರಿಗೆ ತೆಳು ಚರ್ಮ ಬಳಸು. ಹವೆಯೂ ಕಾರಣವಿರಬಹುದು.

ಇಲ್ಲಿ ಕೆಲಸ ಬಹಳ. ಅತ್ತಿಗೆ ನಿನ್ನನ್ನು ಕೇಳಿದಳು.

ಅಣ್ಣ

* * *

ಏಪ್ರಿಲ್ 26

ಅಣ್ಣ,

ನೀನು ಹೇಳಿದ್ದೆಲ್ಲ ಮಾಡಿದೆ. ಬೇರೆ ಚರ್ಮ ತರಿಸಿದೆ, ಮೆತ್ತಗೆ ಬೆಣ್ಣೆಯ ಹಾಗಿತ್ತು. ಅದರಲ್ಲಿ ಕಂಡಕ್ಟರಿಗೆ ಮತ್ತೊಂದು ಜೊತೆ ಮಾಡಿದೆ. ಅದೂ ಅಲ್ಲೇ ಕಚ್ಚುತ್ತದೆ. ದಾದಿಯ ಶೂವನ್ನು ಒದ್ದೆ ಮಾಡಿ ಬಟ್ಟೆ ತುರುಕಿ ಹಿಗ್ಗಿಸಿದೆ, ಮುಂಭಾಗದ ಹೊಲಿಗೆಯೇ ಬಿಟ್ಟುಕೊಂಡಿತು. ಅವರು ಬೈಯಲಿಲ್ಲ. ಪರವಾಗಿಲ್ಲ ಬಿಡಮ್ಮ, ಎಲ್ಲಾರಿಗೂ ಎಲ್ಲಾನೂ ಬರಲ್ಲ ಎಂದು ನನ್ನ ಬೆನ್ನು ತಟ್ಟಿ ಹೋದರು. ಅವರು ಹೋದ ಮೇಲೆ ಶಟರ್ ಅರ್ಧ ಎಳೆದು ಕೂತು ಅತ್ತೆ.

ಕೈ ನೋಡಿಕೊಳ್ಳುತ್ತ ಕೂರುವುದು ಒಂದು ಚಟವಾಗಿಬಿಟ್ಟಿದೆ. ಅಪ್ಪನ ಬೆರಳು ಉದ್ದ, ನನ್ನದು ಮೋಟು. ಚರ್ಮ ಎಳೆಯುವಾಗ ನಾನು ಹೆಚ್ಚು ಬಿಗಿಯುತ್ತೇನೋ, ಕಡಿಮೆ ಬಿಗಿಯುತ್ತೇನೋ, ಈಗ ನನಗೇ ತಿಳಿಯುತ್ತಿಲ್ಲ. ಮೊದಲು ತಿಳಿಯುತ್ತಿತ್ತು. ಉಳಿದ ಐವರಿಗೆ ಚರ್ಮ ಸಿಗುತ್ತಿಲ್ಲ ಎಂದು ಸುಳ್ಳು ಹೇಳಿ ಮುಂದಕ್ಕೆ ಹಾಕಿದ್ದೇನೆ.

ಮೇಲ್ವಿಚಾರಕಿ ಬಂದಿದ್ದಳು, ಕುರ್ಚಿ ಇನ್ನೂ ಇದೆ ಎಂದಳು. ಟೀಚರೂ ಜೂನ್ ಹದಿನೈದನ್ನು ನೆನಪಿಸಿದರು. ನಿಜ ಹೇಳು ಅಣ್ಣ. ಕೆಲವರಿಗೆ ಈ ಕೆಲಸ ಎಷ್ಟು ಕಲಿತರೂ ಬರುವುದಿಲ್ಲವೇ? ನೀನು ಅಂಥವರನ್ನು ಕಾರ್ಖಾನೆಯಲ್ಲಿ ನೋಡಿರುತ್ತೀಯೆ. ನಾನು ಅಂಥವಳೇ? ನೀನು ಹೌದು ಎಂದರೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ, ಅಂಗಡಿ ಮುಚ್ಚುತ್ತೇನೆ.

ತಂಗಿ

* * *

ಮೇ 5

ಪ್ರೀತಿಯ ತಂಗಿಗೆ,

ನಿನ್ನ ಪ್ರಶ್ನೆಗೆ ಇಲ್ಲಿಂದ ಉತ್ತರ ಹೇಳುವುದು ಕಷ್ಟ. ಕಣ್ಣಿಂದ ನೋಡದೆ ಏನು ಹೇಳಲಿ. ನೀನು ಪ್ರಯತ್ನ ಮಾಡಿದ್ದೀಯೆ, ಅದೇ ದೊಡ್ಡದು. ಬ್ಯಾಗಿನ ಕೆಲಸವೂ ಕೆಟ್ಟದ್ದೇನಲ್ಲ. ತಿಂಗಳಿಗೆ ಸರಿಯಾಗಿ ಸಂಬಳ, ಭಾನುವಾರ ರಜೆ. ಮೇಲ್ವಿಚಾರಕಿ ಅಷ್ಟು ಕರೆಯುವಾಗ ಯೋಚನೆ ಮಾಡಬಹುದು. ನಿನಗೆ ಏನು ಅನ್ನಿಸುತ್ತದೋ ಹಾಗೆ ಮಾಡು.

ಅಣ್ಣ

* * *

ಮೇ 22

ಅಣ್ಣ,

ಪತ್ರ ಬಂತು. ಒಂದು ಸಣ್ಣ ವಿಷಯ ಕೇಳುವುದಿತ್ತು. ಪೆಟ್ಟಿಗೆ ತೆರೆದಾಗ ಅಚ್ಚುಗಳ ಮೇಲೆ ಏನೇನಿತ್ತು? ನೆನಪು ಮಾಡಿಕೊಂಡು ಬರೆ. ಬೇರೇನೂ ವಿಶೇಷವಿಲ್ಲ.

ತಂಗಿ

* * *

ಮೇ 31

ತಂಗಿ,

ಧೂಳಿತ್ತು. ಹಳೆಯ ಅಂಟು, ಎಣ್ಣೆ ಜಿಡ್ಡು. ಆರು ವರ್ಷ ಮುಚ್ಚಿಟ್ಟ ಪೆಟ್ಟಿಗೆಯಲ್ಲಿ ಇನ್ನೇನಿರುತ್ತದೆ. ಯಾಕೆ ಕೇಳಿದೆ? ನೀನು ಹೀಗೆ ಎರಡು ಸಾಲು ಬರೆದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಹುಷಾರಾಗಿದ್ದೀಯಾ? ಅಂಗಡಿ ಮುಚ್ಚುವುದೆಂದು ತೀರ್ಮಾನವಾಯಿತೇ?

ಅಣ್ಣ

* * *

ಜೂನ್ 9

ತಂಗಿ,

ಇದು ಹದಿನೈದರೊಳಗೆ ನಿನ್ನ ಕೈ ಸೇರಲಿ ಎಂದು ಬೆಳಗ್ಗೆಯೇ ಅಂಚೆ ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ. ಟೀಚರಿಗೆ ಕೋಣೆ ಬಿಡುತ್ತೇನೆಂದು ಹೇಳಬೇಡ. ಹೇಳಿದ್ದರೆ ಹೋಗಿ ವಾಪಸು ತೆಗೆದುಕೊ.

ಧೂಳಷ್ಟೇ ಇರಲಿಲ್ಲ. ಇದರ ಜೊತೆ ಏಪ್ರಿಲ್ ಎರಡನೇ ತಾರೀಖಿನ ಒಂದು ಹಾಳೆ ಇಟ್ಟಿದ್ದೇನೆ. ಮೊದಲು ಅದನ್ನು ಓದಿ ಆಮೇಲೆ ಇದನ್ನು ಓದು.

ಓದಿದೆಯಾ? ಅದನ್ನು ಅವತ್ತೇ ಕಳಿಸಬೇಕಿತ್ತು. ನಾಚಿಕೆಯಾಯಿತು. ನಮ್ಮ ಮನೆಯಲ್ಲಿ ಶೂ ಬಗ್ಗೆ ತಿಳಿದವನು ನಾನು ಎಂದು ಇಷ್ಟು ವರ್ಷ ಎಲ್ಲರೂ ಅಂದುಕೊಂಡಿದ್ದಿರಿ, ನಾನೂ ಅಂದುಕೊಂಡಿದ್ದೆ. ಅಪ್ಪನ ಮಗನಾಗಿ ಅಪ್ಪನ ಕೆಲಸದ ಗುರುತು ಹಿಡಿಯಲಿಲ್ಲ. ಒಂದು ವಾರ ಬಿಟ್ಟು ಹೇಳೋಣ ಎಂದುಕೊಂಡೆ, ಆ ವಾರ ಮುಗಿದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಮೇ ತಿಂಗಳಲ್ಲಿ ಬ್ಯಾಗಿನ ಕೆಲಸಕ್ಕೆ ಹೋಗು ಎಂದು ಬರೆದೆನಲ್ಲ, ಅದನ್ನು ಮುಚ್ಚಿಡುವುದಿಲ್ಲ. ಅಂಗಡಿ ಮುಚ್ಚಿದರೆ ಈ ವಿಷಯವೂ ಅಲ್ಲಿಗೇ ಮುಚ್ಚಿಹೋಗುತ್ತದೆ ಎಂದು ಬರೆಯುವಾಗ ನನಗೆ ಅನ್ನಿಸಿತ್ತು.

ನಿನ್ನೆ ಅತ್ತಿಗೆಗೆ ಹೇಳಿದೆ. ಅವಳು ಆಗಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಈಗ ನನ್ನ ಯೋಚನೆ ಕೇಳು. ಕಾರ್ಖಾನೆಗೆ ರಾಜೀನಾಮೆ ಕೊಟ್ಟು ಅಲ್ಲಿಗೆ ಬರುತ್ತೇನೆ. ಇಬ್ಬರೂ ಸೇರಿ ಅಂಗಡಿ ನಡೆಸೋಣ. ಒಂದೊಂದು ಅಚ್ಚನ್ನೂ ನಾನೇ ಮತ್ತೆ ಸರಿ ಮಾಡುತ್ತೇನೆ. ನಾನು ಹಾಳು ಮಾಡಿದ್ದನ್ನು ನಾನೇ ಕಟ್ಟಿಕೊಡಬೇಕು. ಹೂಂ ಎಂದು ಒಂದು ಸಾಲು ಬರೆ, ಸಾಕು.

ನಿನ್ನ ಅಣ್ಣ

* * *

ಜೂನ್ 20

ಅಣ್ಣ,

ನಿನ್ನ ಪತ್ರ ಹದಿನೇಳಕ್ಕೆ ಬಂತು. ನಾನು ಹದಿಮೂರಕ್ಕೇ ಟೀಚರ ಮನೆಗೆ ಹೋಗಿ ಇನ್ನೊಂದು ವರ್ಷಕ್ಕೆ ಕರಾರು ಬರೆದುಕೊಟ್ಟು ಬಂದಿದ್ದೆ. ಶಟರ್ ರಿಪೇರಿ ಮಾಡಿಸಿಕೊಡಬೇಕೆಂದು ಅದರಲ್ಲಿ ಒಂದು ಸಾಲು ಸೇರಿಸಿದೆ. ಅವರು ಕನ್ನಡಕ ಏರಿಸಿ ನನ್ನನ್ನು ನೋಡಿದರು, ಆಮೇಲೆ ಸಹಿ ಹಾಕಿದರು.

ಚೂರುಗಳ ವಿಷಯ ನನಗೆ ಮೇ ಹತ್ತೊಂಬತ್ತರಿಂದ ಗೊತ್ತು. ಅವತ್ತು ಗಡಿಯಾರದವರು ತಲೆ ತಗ್ಗಿಸಿಕೊಂಡು ಬಂದು ತಮ್ಮ ಹಳೆಯ ಶೂಗೆ ಅಟ್ಟೆ ಹಾಕಿಕೊಡಲು ಕೇಳಿದರು. ಅಪ್ಪ ಮಾಡಿದ ಶೂ. ಅಟ್ಟೆ ಬಡಿಯಲು ಒಳಗೆ ಅವರದೇ ಅಚ್ಚು ತೂರಿಸಿದೆ. ಅದು ಲೊಡಲೊಡ ಎಂದಿತು. ಆ ಶೂ ಹುಟ್ಟಿದ್ದೇ ಆ ಅಚ್ಚಿನ ಮೇಲೆ, ಹೇಗೆ ಸಡಿಲವಾಗುತ್ತದೆ? ಕೈ ಒಳಗೆ ಹಾಕಿ ನೋಡಿದೆ. ಎಲ್ಲೆಲ್ಲಿ ಶೂವಿನೊಳಗೆ ಗುಳಿಯಿತ್ತೋ ಅಲ್ಲಲ್ಲೇ ಅಚ್ಚಿನ ಮರ ಬೆಳ್ಳಗಿತ್ತು, ಬೆಳಕಿಗೆ ಹಿಡಿದರೆ ಅರದ ಗೆರೆ ಕಾಣಿಸಿತು. ನಲವತ್ತಮೂರು ಜೊತೆಯನ್ನೂ ಇಳಿಸಿ ನೋಡಿದೆ. ಎಲ್ಲದರ ಮೇಲೂ ಬೆಳ್ಳನೆಯ ಜಾಗ, ಅಂಟಿಸಿದ್ದನ್ನು ಕಿತ್ತು ಉಜ್ಜಿದ ಗುರುತು.

ಮೂರು ದಿನ ಬಿಟ್ಟು ನಿನಗೆ ಆ ಎರಡು ಸಾಲು ಬರೆದೆ. ನೀನು ಗೊತ್ತಿಲ್ಲದೆ ಮಾಡಿದ್ದೀಯೆ, ಕೇಳಿದರೆ ಅಯ್ಯೋ ಎಂದು ಹೇಳಿಬಿಡುತ್ತೀಯೆ ಎಂದುಕೊಂಡಿದ್ದೆ. ನೀನು ಧೂಳು ಎಂದು ಬರೆದೆ. ಆಗ ನಿನಗೆ ಗೊತ್ತಿದೆ ಎಂಬುದು ತಿಳಿಯಿತು. ಎಂದಿನಿಂದ ಎಂಬುದು ತಿಳಿಯಲಿಲ್ಲ, ಈಗ ಹಾಳೆಯ ಮೇಲಿನ ತಾರೀಖು ನೋಡಿ ತಿಳಿಯಿತು.

ಕೆಲಸದ ವಿಷಯ ಮೊದಲು ಹೇಳಿಬಿಡುತ್ತೇನೆ. ದಾದಿಯನ್ನು ಕರೆಸಿ ಕೂರಿಸಿದೆ. ಕಾಗದದ ಮೇಲೆ ಕಾಲು ಇಡಿಸಿ ಸುತ್ತ ಗೆರೆ ಎಳೆದೆ, ಕಾಲನ್ನು ಕೈಯಲ್ಲಿ ಹಿಡಿದು ಗೆಣ್ಣು ಗೆಣ್ಣೂ ಮುಟ್ಟಿ ನೋಡಿದೆ. ಚರ್ಮದ ಚೂರು ಸವರಿ ಅಂಟಿಸಿದೆ. ಮೊದಲ ಸಲ ದಪ್ಪವಾಯಿತು, ಎರಡನೆಯ ಸಲ ಜಾಗ ತಪ್ಪಿತು. ಮೂರನೆಯ ಸಲ ಸರಿಹೋದ ಅಚ್ಚಿನ ಮೇಲೆ ಕಟ್ಟಿದ ಜೊತೆ ಹಾಕಿಕೊಂಡು ವಾರ್ಡಿಗೆ ಹೋದವರು ಹತ್ತು ದಿನವಾದರೂ ವಾಪಸು ತಂದಿಲ್ಲ. ಮೊನ್ನೆ ಅವರ ಜೊತೆಯ ದಾದಿಯೊಬ್ಬಳು ಬಂದಳು, ನನಗೂ ಒಂದು ಜೊತೆ ಬೇಕು ಎಂದು. ಅವಳಿಗೆ ಅಪ್ಪ ಯಾರೆಂದೇ ಗೊತ್ತಿಲ್ಲ. ಕಂಡಕ್ಟರು ಮಾತ್ರ ಇನ್ನೂ ನಂಬಿಲ್ಲ, ದೂರದಿಂದಲೇ ನೋಡಿ ಹೋಗುತ್ತಾರೆ. ಬರುತ್ತಾರೆ ಬಿಡು.

ನೀನು ಒಂದು ವಿಷಯಕ್ಕೆ ಸಮಾಧಾನ ಮಾಡಿಕೊಳ್ಳಬಹುದು. ನೀನು ಉಜ್ಜದೆ ಹಾಗೆಯೇ ಕಳಿಸಿದ್ದರೂ ಈ ಶೂಗಳು ಕಚ್ಚುತ್ತಿದ್ದವು. ದಾದಿಯ ಗೆಣ್ಣು ಹತ್ತು ವರ್ಷದಲ್ಲಿ ಇನ್ನಷ್ಟು ಹೊರಗೆ ಬಂದಿದೆ. ಗಡಿಯಾರದವರ ಪಾದ ಊದಿಕೊಂಡಿದೆ. ಕಾಲು ಮುಂದೆ ಮಾಡಿ ಕೂತವರಿಗೆ ಅಳತೆ ಯಾಕೆ ಎಂದು ಜಂಬ ಕೊಚ್ಚಿದವಳು ನಾನು. ಅಲ್ಲಿ ನನ್ನ ತಪ್ಪು ಇದೆ. ಅಚ್ಚು ಉಜ್ಜಿದ್ದಕ್ಕೆ ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಮೂರು ಭಾನುವಾರ ನನಗೋಸ್ಕರ ಬೆರಳು ಸುಲಿದುಕೊಂಡೆ, ಅದನ್ನು ನಾನು ಮರೆಯುವುದಿಲ್ಲ.

ಸಿಟ್ಟಿರುವುದು ಏಪ್ರಿಲ್ ಎರಡರಿಂದ ಮೇ ಹತ್ತೊಂಬತ್ತರ ತನಕದ ದಿನಗಳಿಗೆ. ಲೆಕ್ಕ ಹಾಕಿದೆ, ಸುಮಾರು ಏಳು ವಾರ. ಆ ಏಳು ವಾರ ದಾದಿಗೆ, ಕಂಡಕ್ಟರಿಗೆ, ಟೀಚರಿಗೆ, ಮೇಲ್ವಿಚಾರಕಿಗೆ, ನನಗೆ, ಎಲ್ಲರಿಗೂ ನನ್ನ ಕೈ ಸರಿಯಿಲ್ಲ ಎಂದೇ ಗೊತ್ತಿತ್ತು. ನನ್ನ ಕೈ ಸರಿಯಾಗಿದೆ ಎಂದು ಈ ಪ್ರಪಂಚದಲ್ಲಿ ಗೊತ್ತಿದ್ದದ್ದು ನಿನಗೊಬ್ಬನಿಗೇ. ನಾನು ಅಂಥವಳೇ ಎಂದು ನಿನ್ನನ್ನೇ ಕೇಳಿದೆ. ನೀನು ಕಣ್ಣಿಂದ ನೋಡದೆ ಏನು ಹೇಳಲಿ ಎಂದೆ.

ಅದನ್ನು ಕ್ಷಮಿಸಲು ನನಗೆ ಇನ್ನೂ ಆಗುತ್ತಿಲ್ಲ ಅಣ್ಣ. ಒಂದು ದಿನ ಆಗುತ್ತದೆ, ಆದಾಗ ಬರೆಯುತ್ತೇನೆ. ಸುಮ್ಮನೆ ಆಯಿತು ಎಂದು ಈಗಲೇ ಬರೆದರೆ ನಾನೂ ನಿನ್ನ ಹಾಗೆ ಮಾಡಿದಂತಾಗುತ್ತದೆ.

ರಾಜೀನಾಮೆ ಕೊಡಬೇಡ. ಇಲ್ಲಿ ಇಬ್ಬರಿಗೆ ಜಾಗವಿಲ್ಲ, ಎಂಟು ಹೆಜ್ಜೆ ಉದ್ದ, ಐದು ಹೆಜ್ಜೆ ಅಗಲ. ಅರ್ಜಿಯಲ್ಲೂ ಕಾರ್ಮಿಕರ ಸಂಖ್ಯೆ ಒಂದು ಎಂದೇ ಇದೆ, ಅದನ್ನು ತಿದ್ದಿಸಲು ಆ ಗುಮಾಸ್ತನ ಮುಂದೆ ಮತ್ತೆ ನಿಲ್ಲಲಾರೆ. ಅತ್ತಿಗೆಗೆ ಮಾತಾಡಲು ಹೇಳು, ನಾನು ಹೇಳಿದೆ ಎಂದು ಹೇಳು.

ರಜೆ ಸಿಕ್ಕಾಗ ಇಬ್ಬರೂ ಬನ್ನಿ. ಅಂಗಡಿ ಒಂಬತ್ತಕ್ಕೆ ತೆರೆಯುತ್ತೇನೆ. ಬೆಂಚಿನ ಮೇಲೆ ಕೂತಿರು, ಬಂದವರ ಜೊತೆ ಮಾತಾಡು, ಟೀ ತರಿಸುತ್ತೇನೆ. ಅಚ್ಚುಗಳನ್ನು ಮಾತ್ರ ಮುಟ್ಟಬೇಡ.

ನಿನ್ನ ತಂಗಿ